‘ಫ್ಲೈ ಆಫ್ ದ ಹ್ಯಾಂಡಲ್’: ಸಿಟ್ಟಿಗೂ ಹಿಡಿಗೂ ಏನು ಸಂಬಂಧ?

ಪ್ರಶ್ನೆ

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಳೆದ ವಾರ ಒಂದು ಕಥೆಯನ್ನು ಓದಿಸುವಾಗ ‘ಫಾದರ್ ಫ್ಲೂ ಆಫ್ ದ ಹ್ಯಾಂಡಲ್’ ಎಂಬ ವಾಕ್ಯ ಬಂತು. ಮಗ ಗೇಟಿನ ಚಿಲಕ ಹಾಕಲು ಮರೆತದ್ದನ್ನು ಕಂಡು, ಅದುವರೆಗೆ ನಗುತ್ತ ಮಾತನಾಡುತ್ತಿದ್ದ ತಂದೆ ಒಮ್ಮೆಲೇ ರೇಗಿ ಕೂಗಾಡುವ ಸಂದರ್ಭ ಅದು. ‘ತಟ್ಟನೆ ಸಿಟ್ಟಿಗೆದ್ದರು’ ಎಂದು ಅರ್ಥ ಹೇಳಿ ಮುಂದಕ್ಕೆ ಹೋಗುವುದರಲ್ಲಿದ್ದೆ. ಅಷ್ಟರಲ್ಲಿ ಒಬ್ಬ ಹುಡುಗಿ ಎದ್ದು ನಿಂತು, ‘ಯಾವ ಹ್ಯಾಂಡಲ್?’ ಎಂದು ಕೇಳಿದಳು.

ನಮ್ಮ ಮಾತಿನಲ್ಲಿ ಹ್ಯಾಂಡಲ್ ಎಂದರೆ ಸೈಕಲ್ಲಿನ ಹ್ಯಾಂಡಲ್ಲೇ ಮೊದಲು ನೆನಪಾಗುವುದರಿಂದ, ಸೈಕಲ್ ಎಲ್ಲಿಗೋ ಗುದ್ದಿ ಸವಾರ ಹ್ಯಾಂಡಲ್ ಮೇಲಿಂದ ಹಾರಿ ಬೀಳುವ ಚಿತ್ರವೇ ಅರ್ಧ ತರಗತಿಯ ಮನಸ್ಸಿನಲ್ಲಿತ್ತು. ಕೆಲವರು ಬಾಗಿಲಿನ ಹಿಡಿ ಇರಬಹುದು ಎಂದರು. ನಿಘಂಟುಗಳಲ್ಲಿ ಅರ್ಥ ಸಿಗುತ್ತದೆ, ಆದರೆ ಆ ಅರ್ಥ ಬಂದ ದಾರಿ ಸಿಗುವುದಿಲ್ಲ. ಇಲ್ಲಿ ಹೇಳುತ್ತಿರುವುದು ಯಾವ ಹಿಡಿಯ ಮಾತು, ಅದು ಎಲ್ಲಿ ಮತ್ತು ಎಂದು ಹುಟ್ಟಿತು, ಮತ್ತು ಎಲ್ಲ ಬಗೆಯ ಸಿಟ್ಟಿಗೂ ಇದನ್ನು ಬಳಸಬಹುದೇ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಆ ಹುಡುಗಿಗೆ ಸರಿಯಾದ ಉತ್ತರ ಕೊಡದೆ ಪಾಠ ಮುಗಿಸಲು ನನಗೆ ಮನಸ್ಸಿಲ್ಲ.

ಉತ್ತರ 1

ಅದು ಕೊಡಲಿಯ ಹಿಡಿ. ಮರದ ಹಿಡಿಗೆ ಸಿಕ್ಕಿಸಿದ ಕಬ್ಬಿಣದ ತಲೆ ಸಡಿಲವಾಗಿದ್ದರೆ, ಕೊಡಲಿಯನ್ನು ಬೀಸಿದ ರಭಸಕ್ಕೆ ತಲೆ ಹಿಡಿಯನ್ನು ಬಿಟ್ಟು ಹಾರಿಹೋಗುತ್ತದೆ. ಎಲ್ಲಿಗೆ ಹಾರುತ್ತದೆ, ಯಾರಿಗೆ ಬಡಿಯುತ್ತದೆ ಎಂಬುದು ಬೀಸಿದವನ ಕೈಯಲ್ಲಿ ಇರುವುದಿಲ್ಲ. ಮಾತಿನ ಮೇಲೆ, ಮೈಮೇಲೆ ಹತೋಟಿ ಕಳೆದುಕೊಂಡು ಏಕಾಏಕಿ ಸಿಡಿಯುವ ಮನುಷ್ಯನನ್ನು ಆ ಕಬ್ಬಿಣದ ತಲೆಗೆ ಹೋಲಿಸಿದ್ದಾರೆ. ಮಕ್ಕಳು ದಾರಿ ತಪ್ಪುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಅವರು ಹಿಡಿಯನ್ನು ಹಿಡಿದ ಮನುಷ್ಯನೊಬ್ಬ ಹಾರುವುದನ್ನು ಕಲ್ಪಿಸಿಕೊಳ್ಳುತ್ತಾರೆ. ನುಡಿಗಟ್ಟಿನಲ್ಲಿ ಹಿಡಿದವನು ಇಲ್ಲವೇ ಇಲ್ಲ. ಸಿಟ್ಟಿಗೆದ್ದವನೇ ಕೊಡಲಿಯ ತಲೆ.

ಇದು ಅಮೆರಿಕದ ನೆಲದಲ್ಲಿ ಬೆಳೆದ ಮಾತು. ಕಾಡು ಕಡಿದು ಹೊಲ ಮಾಡಿಕೊಂಡು, ಮರದ ದಿಮ್ಮಿಗಳಿಂದಲೇ ಮನೆ ಕಟ್ಟಿಕೊಂಡು, ಚಳಿಗಾಲವಿಡೀ ಸೌದೆ ಉರಿಸುತ್ತಿದ್ದ ಜನರಿಗೆ ಕೊಡಲಿ ದಿನಬಳಕೆಯ ಸಾಧನವಾಗಿತ್ತು. ಹಿಡಿಯನ್ನು ಬಹಳ ಮಂದಿ ತಾವೇ ಕೆತ್ತಿಕೊಳ್ಳುತ್ತಿದ್ದರು. ಹಿಕರಿ ಎಂಬ, ಗಟ್ಟಿಯಾದರೂ ಬಳುಕುವ ಗುಣವುಳ್ಳ ಮರ ಅದಕ್ಕೆ ಹೆಸರಾಗಿತ್ತು.

ಅಚ್ಚಿನಲ್ಲಿ ಸಿಗುವ ಹಳೆಯ ಪ್ರಯೋಗಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು 1843ರದು. ಇಂದು ಕೆನಡಾಕ್ಕೆ ಸೇರಿದ, ಅಂದು ಬ್ರಿಟಿಷರ ವಸಾಹತಾಗಿದ್ದ ನೋವಾ ಸ್ಕೋಷಿಯಾದಲ್ಲಿ ಥಾಮಸ್ ಚಾಂಡ್ಲರ್ ಹ್ಯಾಲಿಬರ್ಟನ್ ಎಂಬ ನ್ಯಾಯಾಧೀಶರಿದ್ದರು. ಅವರು ಸ್ಯಾಮ್ ಸ್ಲಿಕ್ ಎಂಬ ಪಾತ್ರವನ್ನು ಸೃಷ್ಟಿಸಿ ಹಲವು ಪುಸ್ತಕಗಳನ್ನು ಬರೆದರು. ಸ್ಲಿಕ್ ಅಮೆರಿಕದ ಕನೆಕ್ಟಿಕಟ್ ಪ್ರಾಂತದವನು, ಊರೂರು ತಿರುಗಿ ಗಡಿಯಾರ ಮಾರುವವನು, ಬಾಯಿ ತೆರೆದರೆ ಆಡುಮಾತಿನ ಗಾದೆಗಳನ್ನೇ ಸುರಿಸುವವನು. ಅವನು ಇಂಗ್ಲೆಂಡಿಗೆ ಹೋಗುವ ಕಥೆಯ ಪುಸ್ತಕದಲ್ಲಿ, ಕಾರಣವೇ ಇಲ್ಲದೆ ಸಿಡಿಯುವ ಒಬ್ಬನ ವಿಷಯದಲ್ಲಿ ಈ ನುಡಿಗಟ್ಟು ಬರುತ್ತದೆ. ಅದಕ್ಕೂ ಮೊದಲು, 1825ರಲ್ಲಿ, ಮೇನ್ ಪ್ರಾಂತದ ಲೇಖಕ ಜಾನ್ ನೀಲ್ ಹಾರುವ ಮಾತನ್ನು ಬಿಟ್ಟು ‘ಆಫ್ ದ ಹ್ಯಾಂಡಲ್’ ಎಂದಷ್ಟೇ ಬಳಸಿದ್ದಾರೆ.

ಸೈಕಲ್ಲಿನ ಊಹೆಗೆ ಉತ್ತರ ಈ ಕಾಲಮಾನದಲ್ಲಿಯೇ ಇದೆ. ಪೆಡಲ್ ತುಳಿಯುವ ಸೈಕಲ್ ಬಳಕೆಗೆ ಬಂದದ್ದು 1860ರ ದಶಕದಲ್ಲಿ. ಅಷ್ಟು ಹೊತ್ತಿಗೆ ಈ ಮಾತು ಆಡುಮಾತಿನಿಂದ ಪುಸ್ತಕಗಳಿಗೆ ಬಂದು ವರ್ಷಗಳೇ ಕಳೆದಿದ್ದವು. ಊಹೆ ತಪ್ಪಾಗಿದ್ದರೂ ನುಡಿಗಟ್ಟಿನೊಳಗೆ ಒಂದು ಚಿತ್ರವಿದೆ ಎಂಬುದನ್ನು ಮಕ್ಕಳು ಗುರುತಿಸಿದ್ದಾರೆ. ಅದನ್ನು ಅವರಿಗೆ ತಪ್ಪದೆ ಹೇಳಿ.

ಉತ್ತರ 2

ಮೇಲಿನ ಉತ್ತರವನ್ನು ನಾನು ಒಪ್ಪುತ್ತೇನೆ. ಆದರೆ ‘ಸಡಿಲವಾಗಿದ್ದರೆ’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋದ ಸಂಗತಿಯಲ್ಲಿಯೇ ಈ ನುಡಿಗಟ್ಟಿನ ಜೀವ ಇದೆ ಎಂದು, ವರ್ಷಗಳ ಕಾಲ ಸೌದೆ ಸೀಳಿದ ನನಗೆ ಅನ್ನಿಸುತ್ತದೆ.

ಕೊಡಲಿಯ ತಲೆಯಲ್ಲಿ ಹಿಡಿ ತೂರಿಸುವ ತೂತನ್ನು ಇಂಗ್ಲಿಷಿನವರು ಕಣ್ಣು ಎಂದು ಕರೆಯುತ್ತಾರೆ. ಹಿಡಿಯ ತುದಿಯನ್ನು ಅದರೊಳಗೆ ಬಿಗಿಯಾಗಿ ತೂರಿಸಿ, ಮೇಲಿನಿಂದ ಸೀಳಿ, ಆ ಸೀಳಿಗೆ ಬೆಣೆ ಹೊಡೆಯುತ್ತಾರೆ. ಬೆಣೆ ಇಳಿದ ಹಾಗೆಲ್ಲ ಮರ ಅಗಲಗೊಂಡು ಕಬ್ಬಿಣವನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಹೊಸದಾಗಿ ಬೆಣೆ ಹೊಡೆದ ಕೊಡಲಿಯನ್ನು ದಿಮ್ಮಿಗೆ ಬಡಿದರೆ ಒಂದೇ ಗಟ್ಟಿಯಾದ ಸದ್ದು ಬರುತ್ತದೆ. ಆದರೆ ಮರ ಉಸಿರಾಡುವ ವಸ್ತು. ಗಾಳಿಯಲ್ಲಿ ತೇವವಿದ್ದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ಅಂದರೆ ಒಣಗಿದ ಹಿಡಿ ಗಿಡ್ಡವಾಗುವುದಿಲ್ಲ, ತೆಳ್ಳಗಾಗುತ್ತದೆ. ಅದಕ್ಕೆ ಸರಿಯಾಗಿ ಕಬ್ಬಿಣ ಕುಗ್ಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಂದು ಮೊದಲು ಬೀಳುತ್ತದೆ, ಪ್ರತಿ ಏಟಿಗೂ ಅದು ಕೂದಲೆಳೆಯಷ್ಟು ದೊಡ್ಡದಾಗುತ್ತದೆ. ಆಮೇಲೆ ಒಂದು ದಿನ ಸದ್ದು ಬದಲಾಗುತ್ತದೆ: ಗಟ್ಟಿ ಸದ್ದಿನ ಹಿಂದೆಯೇ ಸಣ್ಣದೊಂದು ಲೊಟಲೊಟ ಕೇಳಿಸುತ್ತದೆ. ಅನುಭವಸ್ಥರು ಅಲ್ಲಿಗೇ ಕೆಲಸ ನಿಲ್ಲಿಸಿ, ಕೊಡಲಿಯನ್ನು ತಲೆಕೆಳಗು ಮಾಡಿ ಹಿಡಿಯ ಬುಡವನ್ನು ಕುಟ್ಟಿ, ಬೆಣೆಯನ್ನು ಮತ್ತೆ ಬಿಗಿಗೊಳಿಸುತ್ತಾರೆ.

ನಾನು ಹದಿನಾರರ ವಯಸ್ಸಿನಲ್ಲಿ ಆ ಸದ್ದನ್ನು ಕೇಳಿಯೂ ಕೇಳದವನಂತೆ ಇನ್ನೆರಡು ತುಂಡು ಸೀಳಿ ಮುಗಿಸೋಣ ಎಂದುಕೊಂಡೆ. ಮೂರನೆಯ ಏಟಿಗೆ ಕೈ ಹಗುರವಾಯಿತು. ನನ್ನ ಕೈಯಲ್ಲಿ ಬರಿಯ ಹಿಡಿ ಇತ್ತು. ಕಬ್ಬಿಣ ಎಲ್ಲಿ ಹೋಯಿತೆಂದು ತಿಳಿಯಲು ಒಂದು ಗಳಿಗೆ ಹಿಡಿಯಿತು. ಸೌದೆ ಆಯ್ದುಕೊಡುತ್ತಿದ್ದ ನನ್ನ ತಂಗಿ ನಿಂತಲ್ಲಿಂದ ಎರಡು ಮಾರು ಆಚೆ ಅದು ಮಣ್ಣಿನಲ್ಲಿ ನೆಟ್ಟುಕೊಂಡಿತ್ತು. ಆ ಎರಡು ಮಾರನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ನಿಮ್ಮ ಕಥೆಯ ತಂದೆಯನ್ನು ನಾನು ಹೀಗೆ ಓದುತ್ತೇನೆ. ಗೇಟಿನ ಚಿಲಕ ಕೊನೆಯ ಏಟು ಮಾತ್ರ. ಬೆಣೆ ಸಡಿಲವಾದದ್ದು ಬಹಳ ಮೊದಲು. ಈ ನುಡಿಗಟ್ಟನ್ನು ಸಾಮಾನ್ಯವಾಗಿ ಅಲ್ಪ ಕಾರಣಕ್ಕೆ ಬರುವ ದೊಡ್ಡ ಸಿಟ್ಟಿಗೆ ಬಳಸುವುದೂ, ಆ ಸಿಟ್ಟು ತಪ್ಪು ಮಾಡಿದವನಿಗಿಂತ ಎದುರಿಗೆ ಸಿಕ್ಕವನಿಗೇ ತಗಲುವುದೂ ಈ ಚಿತ್ರಕ್ಕೆ ಹೊಂದುತ್ತವೆ.

ಇನ್ನೂ ಒಂದು ಮಾತಿದೆ. ಪಿಕಾಸಿಗೆ ಹೀಗಾಗುವುದು ಅಪರೂಪ. ಅದರ ತೂತು ಒಂದು ಕಡೆ ಕಿರಿದಾಗಿ, ಇನ್ನೊಂದು ಕಡೆ ಅಗಲವಾಗಿರುತ್ತದೆ. ಹಿಡಿಯನ್ನು ಮೇಲಿನಿಂದ ಇಳಿಬಿಡುತ್ತಾರೆ, ಹಿಡಿಯ ತಲೆಭಾಗ ದಪ್ಪವಾಗಿರುತ್ತದೆ. ಬೀಸಿದಷ್ಟೂ ಕಬ್ಬಿಣ ಬಿಗಿಯಾಗುತ್ತದೆಯೇ ಹೊರತು ಕಳಚುವುದಿಲ್ಲ. ಇಂಗ್ಲಿಷಿನ ಮಾತಿನಲ್ಲಿ ಕೊಡಲಿಯ ಹೆಸರು ಇಲ್ಲದಿದ್ದರೂ ಅದು ಬೆಣೆಯಿಂದ ನಿಲ್ಲುವ ಸಾಧನದ ಮಾತೇ ಎಂಬುದಕ್ಕೆ ಇದೂ ಒಂದು ಕುರುಹು.

ಉತ್ತರ 3

ಕೊಡಲಿಯ ವಿವರಣೆಯನ್ನು ನಾನೂ ನಂಬುತ್ತೇನೆ. ಆದರೂ ನುಡಿಗಟ್ಟುಗಳ ಮೂಲ ಹೇಳುವಾಗ ಒಂದು ಎಚ್ಚರಿಕೆ ಅಗತ್ಯ. ಚಿತ್ರ ಸೊಗಸಾಗಿ ಹೊಂದಿಕೊಂಡ ಮಾತ್ರಕ್ಕೆ ಅದೇ ಮೂಲ ಎನ್ನಲಾಗದು. ಕೋಪಕ್ಕೆ ಇಂಗ್ಲಿಷಿನಲ್ಲಿ ಇರುವ ‘ಸೀ ರೆಡ್’ ಎಂಬ ಇನ್ನೊಂದು ಮಾತನ್ನು ನೋಡಿ. ಕೆಂಪು ಬಟ್ಟೆ ಕಂಡರೆ ಗೂಳಿ ಕೆರಳುತ್ತದೆ, ಆದ್ದರಿಂದ ಆ ಮಾತು ಹುಟ್ಟಿತು ಎಂದು ಎಲ್ಲರೂ ಹೇಳುತ್ತಾರೆ. ಆದರೆ ದನಗಳ ಕಣ್ಣಿನಲ್ಲಿ ಬಣ್ಣ ಗುರುತಿಸುವ ಕೋಶಗಳು ಎರಡೇ ಬಗೆಯವು, ಮನುಷ್ಯರಿಗೆ ಇರುವಂತೆ ಮೂರಲ್ಲ; ಗೂಳಿ ನುಗ್ಗುವುದು ಬಟ್ಟೆಯ ಅಲುಗಾಟವನ್ನು ಕಂಡು. ಗೂಳಿಗೆ ಕಾಣದ ಕೆಂಪನ್ನು ಅದರ ತಲೆಗೆ ಕಟ್ಟಿದವರು ನಾವು.

ಕೊಡಲಿಯ ವಿಷಯದಲ್ಲಿ ಮಾತ್ರ ಚಿತ್ರದ ಹಿಂದೆ ಗಟ್ಟಿಯಾದ ವಾಸ್ತವವಿದೆ, ಮತ್ತು ಆ ವಾಸ್ತವ ಅಮೆರಿಕಕ್ಕಿಂತ ಬಹಳ ಹಳೆಯದು. ಬೈಬಲಿನ ಧರ್ಮೋಪದೇಶಕಾಂಡದ 19ನೆಯ ಅಧ್ಯಾಯದ 5ನೆಯ ವಚನದಲ್ಲಿ ಇದೇ ಅವಘಡ ಬರುತ್ತದೆ. ಇಬ್ಬರು ಮರ ಕಡಿಯಲು ಕಾಡಿಗೆ ಹೋಗುತ್ತಾರೆ. ಒಬ್ಬನು ಕೊಡಲಿ ಬೀಸುವಾಗ ಕಬ್ಬಿಣ ಹಿಡಿಯಿಂದ ಜಾರಿ ಮತ್ತೊಬ್ಬನಿಗೆ ಬಡಿದು ಅವನು ಸಾಯುತ್ತಾನೆ. ಹಗೆಯಿಲ್ಲದೆ, ಅರಿಯದೆ ಕೊಂದವನು ಆಶ್ರಯನಗರಕ್ಕೆ ಓಡಿಹೋಗಿ ಪ್ರಾಣ ಉಳಿಸಿಕೊಳ್ಳಬಹುದು ಎಂಬ ಕಟ್ಟಳೆಗೆ ಅಲ್ಲಿ ಕೊಡುವ ಉದಾಹರಣೆಯೇ ಇದು. ಅರಸುಗಳ ಎರಡನೆಯ ಪುಸ್ತಕದಲ್ಲಿಯೂ, ಮರ ಕಡಿಯುವಾಗ ನೀರಿಗೆ ಬಿದ್ದ ಕೊಡಲಿಯ ಕಬ್ಬಿಣವನ್ನು ಪ್ರವಾದಿ ಎಲೀಷನು ತೇಲಿಸಿದ ಕಥೆಯಿದೆ. 1611ರ ಇಂಗ್ಲಿಷ್ ಬೈಬಲಿನಲ್ಲಿ ಧರ್ಮೋಪದೇಶಕಾಂಡದ ಆ ಹಿಡಿಗೆ ಬಳಸಿದ ಪದ ‘ಹೆಲ್ವ್’. ಅದು ಕೊಡಲಿ, ಸುತ್ತಿಗೆಗಳ ಹಿಡಿಗೇ ಮೀಸಲಾದ ಹಳೆಯ ಪದ. ನಮ್ಮ ನುಡಿಗಟ್ಟು ಬೈಬಲಿನಿಂದ ಬಂದಿದೆ ಎಂದು ನಾನು ಹೇಳುತ್ತಿಲ್ಲ. ಹಾಗೆ ಬಂದಿದ್ದರೆ ‘ಹೆಲ್ವ್’ ಎಂಬ ಪದವೇ ಉಳಿಯಬಹುದಿತ್ತು. ಆದರೆ ಕೊಡಲಿ ಹಿಡಿದ ಜನ ಇರುವಲ್ಲೆಲ್ಲ ಈ ಭಯ ಇತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಡ.

ಆ ಕಟ್ಟಳೆಯನ್ನು ಓದಿದ ಮೇಲೆ ಈ ನುಡಿಗಟ್ಟಿನಲ್ಲಿ ಒಂದು ಬಗೆಯ ಕನಿಕರವೂ ಇದೆ ಎಂದು ನನಗೆ ತೋರತೊಡಗಿದೆ. ಬೇಕೆಂದೇ ನೋಯಿಸಿದವನ ಬಗ್ಗೆ ಇಂಗ್ಲಿಷಿನವರು ಹೀಗೆ ಹೇಳುವುದಿಲ್ಲ. ಕೈಮೀರಿ ಹೋದವನ ಬಗ್ಗೆ ಹೇಳುತ್ತಾರೆ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ

ಮೂವರಿಗೂ ಮನಃಪೂರ್ವಕ ವಂದನೆಗಳು. ಕೊಡಲಿಯ ಚಿತ್ರವನ್ನು ಕಪ್ಪುಹಲಗೆಯ ಮೇಲೆ ಬರೆದು, ಬೆಣೆಯನ್ನು ಬೇರೆ ಬಣ್ಣದಲ್ಲಿ ತೋರಿಸಿ ವಿವರಿಸಿದೆ. ಸಡಿಲವಾದ ಕೊಡಲಿಯನ್ನು ನೀರಿನಲ್ಲಿ ಅದ್ದಿಟ್ಟರೆ ಬಿಗಿಯಾಗುತ್ತದೆ ಎಂದು ಒಬ್ಬ ಹುಡುಗ ತಾನಾಗಿಯೇ ಹೇಳಿದ. ಆಮೇಲೆ ಸ್ವಂತ ವಾಕ್ಯ ಬರೆಯಲು ಹೇಳಿದಾಗ ಹೊಸ ತೊಡಕು ಎದುರಾಯಿತು. ‘ಅಕ್ಕ ಮೂರು ದಿನದಿಂದ ನನ್ನ ಮೇಲೆ ಫ್ಲೈ ಆಫ್ ದ ಹ್ಯಾಂಡಲ್ ಆಗಿದ್ದಾಳೆ, ಮಾತೇ ಆಡುತ್ತಿಲ್ಲ’ ಎಂಬರ್ಥದ ವಾಕ್ಯವನ್ನು ಒಬ್ಬಳು ಬರೆದಿದ್ದಾಳೆ. ಇದು ತಪ್ಪು ಎಂದು ನನ್ನ ಕಿವಿ ಹೇಳುತ್ತದೆ. ಆದರೆ ಏಕೆ ತಪ್ಪು ಎಂದು ಅವಳಿಗೆ ಹೇಗೆ ತಿಳಿಸಲಿ? ಕನ್ನಡದಲ್ಲಿ ಇದಕ್ಕೆ ಸರಿಹೊಂದುವ ಮಾತು ಯಾವುದು?

ಉತ್ತರ 4

ಮೊದಲು ಆ ಹುಡುಗನ ಮಾತು. ನೀರಿನಲ್ಲಿ ಅದ್ದಿದರೆ ಮರ ಹಿಗ್ಗಿ ಕೊಡಲಿ ಬಿಗಿಯಾಗುವುದು ನಿಜ. ಆದರೆ ಹಿಗ್ಗಲು ಜಾಗವಿಲ್ಲದ ಮರದ ಎಳೆಗಳು ಕಬ್ಬಿಣಕ್ಕೆ ಒತ್ತಿ ನಜ್ಜುಗುಜ್ಜಾಗುತ್ತವೆ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಕುಗ್ಗುತ್ತವೆ. ಅದು ಆ ಹೊತ್ತಿನ ಉಪಾಯ ಮಾತ್ರ ಎಂದು ಅವನಿಗೆ ತಿಳಿಸಿ. ಕೊಡಲಿ ಬಳಸುವ ಮನೆಯ ಹುಡುಗನಾಗಿದ್ದರೆ ಇದು ಅವನಿಗೆ ತಿಳಿದಿರಲೇಬೇಕು.

ಇನ್ನು ಮೂರು ದಿನ ಮಾತು ಬಿಟ್ಟ ಅಕ್ಕನ ವಿಷಯ. ಹಾರುವುದು ಕ್ಷಣದ ಕ್ರಿಯೆ. ಕೊಡಲಿಯ ತಲೆ ಮೂರು ದಿನ ಹಾರುತ್ತಲೇ ಇರಲು ಸಾಧ್ಯವಿಲ್ಲ. ಆದ್ದರಿಂದ ಈ ಮಾತನ್ನು ಒಳಗೊಳಗೇ ಇಟ್ಟುಕೊಂಡ ಮುನಿಸಿಗೆ ಬಳಸಲಾಗದು. ಥಟ್ಟನೆ ಹೊರಬಿದ್ದು ಕೇಳಿಸುವ, ಕಾಣಿಸುವ ಸಿಟ್ಟಿಗೇ ಅದು ಸಲ್ಲುತ್ತದೆ. ‘ಅವನು ಮಾತುಮಾತಿಗೆ ಹೀಗೆ ಮಾಡುತ್ತಾನೆ’ ಎಂದು ಪದೇ ಪದೇ ಆಗುವುದನ್ನು ಹೇಳಬಹುದು, ಆದರೆ ಪ್ರತಿ ಸಲವೂ ಅದು ಹೊಸದಾಗಿ ಹಾರಬೇಕು.

ಜಾರ್ಜ್ ಲೇಕಾಫ್ ಮತ್ತು ಜೋಲ್ತಾನ್ ಕೋವೆಚೆಶ್ ಎಂಬ ಭಾಷಾವಿಜ್ಞಾನಿಗಳು 1980ರ ದಶಕದಲ್ಲಿ ಇಂಗ್ಲಿಷಿನ ಕೋಪದ ಮಾತುಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಅವುಗಳಲ್ಲಿ ಬಹಳಷ್ಟರ ಬುಡದಲ್ಲಿ ಒಂದೇ ಚಿತ್ರವಿದೆ ಎಂದು ತೋರಿಸಿದರು: ಮುಚ್ಚಿದ ಪಾತ್ರೆಯೊಳಗೆ ಕಾಯುತ್ತಿರುವ ದ್ರವ. ಅದು ಕುದಿಯುತ್ತದೆ, ಆವಿಯಾಗುತ್ತದೆ, ಒತ್ತಡ ಏರುತ್ತದೆ, ಕೊನೆಗೆ ಪಾತ್ರೆ ಸಿಡಿಯುತ್ತದೆ. ನಮ್ಮ ‘ಕೊತಕೊತ ಕುದಿದ’, ‘ಸಿಟ್ಟು ಉಕ್ಕಿ ಬಂತು’, ‘ಕೋಪ ತಣ್ಣಗಾಯಿತು’ ಎಂಬವೂ ಇದೇ ಬಳಗಕ್ಕೆ ಸೇರುತ್ತವೆ. ಕುದಿಯುವ ಸಿಟ್ಟಿಗೆ ಕಾಲಾವಕಾಶ ಬೇಕು, ಅದು ಎದುರಿನವರಿಗೆ ಮೊದಲೇ ಕಾಣುತ್ತದೆ. ಕೊಡಲಿಯ ಮಾತು ಈ ಬಳಗದ ಹೊರಗೆ ನಿಲ್ಲುತ್ತದೆ. ಇಲ್ಲಿ ಬಿಸಿಯೂ ಇಲ್ಲ, ಒತ್ತಡವೂ ಇಲ್ಲ. ಇರುವುದು ಒಂದು ಜೋಡಣೆ, ಅದು ಕಳಚುವುದು, ಅಷ್ಟೇ. ಹಾಗಾಗಿ ‘ಕೆಂಡಾಮಂಡಲವಾದರು’, ‘ಕಿಡಿಕಿಡಿಯಾದರು’, ‘ಉರಿದುಬಿದ್ದರು’ ಎಂದು ಅನುವಾದಿಸಿದರೆ ಸಿಟ್ಟಿನ ಪ್ರಮಾಣ ಬರುತ್ತದೆ, ಬಗೆ ಬರುವುದಿಲ್ಲ. ಬೆಂಕಿಯ ಮಾತುಗಳು ನಮ್ಮಲ್ಲಿ ಎಷ್ಟು ಸಮೃದ್ಧವಾಗಿವೆ ಎಂದರೆ ಅನುವಾದಕರ ಕೈ ತಾನಾಗಿಯೇ ಅತ್ತ ಹೋಗುತ್ತದೆ. ಅಲ್ಲಿ ಸ್ವಲ್ಪ ತಡೆದು ನಿಲ್ಲಬೇಕು.

ನನ್ನ ಮಟ್ಟಿಗೆ ಎರಡು ಮಾತುಗಳು ಹತ್ತಿರದವು. ‘ಎಗರಿಬಿದ್ದರು’ ಎಂಬುದರಲ್ಲಿ ಹಾರುವಿಕೆಯೂ ಇದೆ, ಥಟ್ಟನೆ ಆಗುವ ಗುಣವೂ ಇದೆ, ಯಾರ ಮೇಲೋ ಹೋಗಿ ಬೀಳುವ ಅಪಾಯವೂ ಇದೆ. ‘ಹಿಡಿತ ತಪ್ಪಿತು’ ಎಂಬುದರಲ್ಲಿ ಹಿಡಿಯೇ ಇದೆ. ಹಿಡಿ, ಹಿಡಿಕೆ, ಹಿಡಿತ ಮೂರೂ ಒಂದೇ ಬೇರಿನಿಂದ ಬಂದವು. ಕೊಡಲಿಯ ಹಿಡಿಗೆ ಕನ್ನಡದಲ್ಲಿ ಕಾವು ಎಂಬ ತಕ್ಕ ಪದವೇ ಇದೆ; ‘ಕೊಡಲಿ ಕಾವು ಕುಲಕ್ಕೆ ಸಾವು’ ಎಂಬ ಗಾದೆಯಲ್ಲಿ ಎಲ್ಲರೂ ಅದನ್ನು ಕೇಳಿದ್ದೇವೆ. ಸಿಟ್ಟಿನ ಬಿಸಿಗೂ ಕಾವು ಎನ್ನುತ್ತೇವೆ. ಇವೆರಡು ಬೇರೆ ಬೇರೆ ಪದಗಳು, ಕೇಳಲು ಮಾತ್ರ ಒಂದೇ. ಹಾಗಿದ್ದರೂ ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳು ನುಡಿಗಟ್ಟನ್ನು ಮರೆಯಲಾರರು.

ನಿಮ್ಮ ವಿದ್ಯಾರ್ಥಿನಿಗೆ ಆಸಕ್ತಿಯಿದ್ದರೆ ‘ಲೂಸ್ ಯುವರ್ ಟೆಂಪರ್’ ಎಂಬ ಮಾತನ್ನೂ ಇದರ ಜೊತೆಗೆ ಕಲಿಸಿ. ‘ಅವನಿಗೆ ಟೆಂಪರ್ ಜಾಸ್ತಿ’ ಎಂದು ನಾವು ಆಡುವುದರಿಂದ ಟೆಂಪರ್ ಎಂದರೆ ಸಿಟ್ಟು ಎಂದೇ ತಿಳಿದಿದ್ದೇವೆ. ಹಾಗಾದರೆ ಟೆಂಪರ್ ಕಳೆದುಕೊಂಡವನು ಶಾಂತನಾಗಬೇಕಲ್ಲವೇ? ಆ ಪದದ ಮೂಲ ‘ಸರಿಯಾದ ಪ್ರಮಾಣದಲ್ಲಿ ಬೆರೆಸು’ ಎಂಬ ಅರ್ಥದ ಲ್ಯಾಟಿನ್ ಧಾತು. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳು ಹದವಾಗಿ ಬೆರೆತಿದ್ದರೆ ಮನುಷ್ಯ ಸರಿಯಾಗಿರುತ್ತಾನೆ ಎಂದು ಯುರೋಪಿನ ವೈದ್ಯರು ಶತಮಾನಗಳ ಕಾಲ ನಂಬಿದ್ದರು. ಟೆಂಪರ್ ಎಂದರೆ ಆ ಹದ. ಅದನ್ನು ಕಳೆದುಕೊಳ್ಳುವುದು ಎಂದರೆ ಹದ ತಪ್ಪುವುದು. ಹಳದಿ ಪಿತ್ತ ಹೆಚ್ಚಾದವನು ಮುಂಗೋಪಿ ಎಂಬುದು ಅವರ ಲೆಕ್ಕ. ‘ಪಿತ್ತ ನೆತ್ತಿಗೇರಿತು’ ಎನ್ನುವ ನಮಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಸಿ ನೀರಿಗೆ ಅದ್ದಿದ ಉಕ್ಕು ಪೆಡಸಾಗಿ ಒಡೆಯದಂತೆ, ಮತ್ತೆ ಹಿತವಾಗಿ ಕಾಸಿ ಹದಗೊಳಿಸುವುದಕ್ಕೂ ಇಂಗ್ಲಿಷಿನಲ್ಲಿ ಇದೇ ಪದ. ಕೊಡಲಿಯ ಬಾಯಿಗೂ ಆ ಹದ ಬೇಕು.

ಪ್ರಶ್ನೆ ಕೇಳಿದವರ ಮರುಮಾತು

ಆ ಹುಡುಗಿಯ ವಾಕ್ಯವನ್ನು ಅವಳೇ ತಿದ್ದಿದಳು. ‘ನಾನು ಅಕ್ಕನ ಪೆನ್ನನ್ನು ಕೇಳದೆ ತೆಗೆದುಕೊಂಡಾಗ ಅವಳು ಫ್ಲೂ ಆಫ್ ದ ಹ್ಯಾಂಡಲ್, ಆಮೇಲೆ ಮೂರು ದಿನ ಮಾತು ಬಿಟ್ಟಳು’ ಎಂದು ಎರಡನ್ನೂ ಬೇರ್ಪಡಿಸಿದ್ದಾಳೆ. ಮೂರು ದಿನದ ಮೌನಕ್ಕೆ ಬೇರೆ ಕ್ರಿಯಾಪದ ಬೇಕು ಎಂಬುದು ಅವಳಿಗೆ ಹೊಳೆದದ್ದನ್ನು ಕಂಡು ನನಗೆ ಬಹಳ ಸಂತೋಷವಾಯಿತು.

ಕಥೆಯ ವಾಕ್ಯವನ್ನು ‘ಅಪ್ಪ ಒಮ್ಮೆಲೇ ಹಿಡಿತ ತಪ್ಪಿ ಮಗನ ಮೇಲೆ ಎಗರಿಬಿದ್ದರು’ ಎಂದು ಬರೆಸಿದ್ದೇನೆ. ಬೆಣೆ ಮೊದಲೇ ಸಡಿಲವಾಗಿತ್ತು ಎಂಬ ಮಾತನ್ನು ಓದಿದ ಮೇಲೆ ಕಥೆಯ ಮೊದಲ ಪುಟಕ್ಕೆ ಹಿಂದಿರುಗಿದೆವು. ಅಂದು ಬೆಳಿಗ್ಗೆ ಬಂದ ಒಂದು ಪತ್ರವನ್ನು ತಂದೆ ಓದಿ, ಮಡಚಿ, ಯಾರಿಗೂ ತೋರಿಸದೆ ಜೇಬಿಗೆ ಹಾಕಿಕೊಂಡಿದ್ದರು. ಮೊದಲ ಓದಿನಲ್ಲಿ ಆ ಸಾಲನ್ನು ನಾನೂ ಮಕ್ಕಳೂ ಗಮನಿಸದೆ ದಾಟಿಹೋಗಿದ್ದೆವು.